ಓದಿನ ನಿರರ್ಗಳತೆ ಮತ್ತು ಅರ್ಥಗ್ರಹಿಕೆ

ಓದಿನ ನಿರರ್ಗಳತೆ ಎಂದರೆ ಪಠ್ಯವನ್ನು ತಪ್ಪಿಲ್ಲದೆ, ಸಹಜ ವೇಗದಲ್ಲಿ, ಸೂಕ್ತ ಏರಿಳಿತ ಹಾಗೂ ವಿರಾಮಗಳೊಂದಿಗೆ ಗಟ್ಟಿಯಾಗಿ ಓದುವ ಸಾಮರ್ಥ್ಯ. ಓದಿದ್ದರ ತಾತ್ಪರ್ಯವನ್ನು ತಿಳಿಯುವುದು ಅರ್ಥಗ್ರಹಿಕೆ. ಇವೆರಡೂ ಪರಸ್ಪರ ಸಂಬಂಧ ಹೊಂದಿದ್ದರೂ ಒಂದೇ ಅಲ್ಲ. ನಿರರ್ಗಳವಾಗಿ ಓದುವ ಮಗುವಿಗೆ ಓದಿದ್ದು ಅರ್ಥವಾಗಿರಲೇಬೇಕೆಂದಿಲ್ಲ.

ಸೈದ್ಧಾಂತಿಕ ಹಿನ್ನೆಲೆ

ಮನುಷ್ಯನ ಗಮನಶಕ್ತಿ ಸೀಮಿತವಾದುದು. ಅಕ್ಷರಗಳನ್ನು ಗುರುತಿಸುವುದರಲ್ಲಿಯೇ ಗಮನವೆಲ್ಲ ವ್ಯಯವಾದರೆ ಅರ್ಥದ ಕಡೆಗೆ ಮನಸ್ಸು ಹರಿಯುವುದಿಲ್ಲ ಎಂದು 1974ರಲ್ಲಿ ಲಾಬರ್ಜ್ ಮತ್ತು ಸ್ಯಾಮ್ಯುಯೆಲ್ಸ್ ಪ್ರತಿಪಾದಿಸಿದರು. 1986ರಲ್ಲಿ ಗಫ್ ಮತ್ತು ಟನ್ಮರ್, ಓದು ಎಂಬುದು ಅಕ್ಷರ ಬಿಡಿಸುವ ಸಾಮರ್ಥ್ಯ ಮತ್ತು ಭಾಷೆಯನ್ನು ಕೇಳಿ ತಿಳಿಯುವ ಸಾಮರ್ಥ್ಯಗಳ ಗುಣಲಬ್ಧವೆಂದು ವಿವರಿಸಿದರು. ಇದರಂತೆ ಎರಡರಲ್ಲಿ ಒಂದು ಇಲ್ಲದಿದ್ದರೂ ಅರ್ಥಗ್ರಹಿಕೆ ಸಾಧ್ಯವಿಲ್ಲ.

ಕನ್ನಡ ಲಿಪಿಯ ಸ್ವರೂಪ

ಕನ್ನಡದಲ್ಲಿ ಬರಹಕ್ಕೂ ಉಚ್ಚಾರಣೆಗೂ ಹತ್ತಿರದ ಹೊಂದಾಣಿಕೆಯಿದೆ. ಆದ್ದರಿಂದ ಲಿಪಿ ತಿಳಿದ ಮಗು ಅರ್ಥ ಗೊತ್ತಿಲ್ಲದ ಪದವನ್ನೂ ಸರಿಯಾಗಿ ಉಚ್ಚರಿಸಬಲ್ಲದು. ಆದರೆ ವರ್ಣಮಾಲೆಯ ಜೊತೆಗೆ ಕಾಗುಣಿತ, ಒತ್ತಕ್ಷರಗಳನ್ನೂ ಕಲಿಯಬೇಕಾಗಿರುವುದರಿಂದ ಲಿಪಿಯ ಕಲಿಕೆ ದೀರ್ಘಕಾಲ ನಡೆಯುತ್ತದೆ. ಸೋನಾಲಿ ನಾಗ್ ಅವರ 2007ರ ಅಧ್ಯಯನದ ಪ್ರಕಾರ ಇದು ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ.

ಮೌಲ್ಯಮಾಪನ

ಪ್ರಥಮ್ ಸಂಸ್ಥೆಯು 2005ರಲ್ಲಿ ಆರಂಭಿಸಿದ ಅಸರ್ ಸಮೀಕ್ಷೆಯಲ್ಲಿ ಮಕ್ಕಳಿಂದ ಅಕ್ಷರ, ಪದ, ಒಂದನೆಯ ಹಾಗೂ ಎರಡನೆಯ ತರಗತಿಯ ಮಟ್ಟದ ಪಠ್ಯಗಳನ್ನು ಓದಿಸಲಾಗುತ್ತದೆ. 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಯೋಜನೆಯು ಮೂರನೆಯ ತರಗತಿಯ ಅಂತ್ಯಕ್ಕೆ ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದುವ ಗುರಿಯನ್ನು ನಿಗದಿಪಡಿಸಿದೆ. ಆದರೆ ಪದಗಳ ಎಣಿಕೆಯಿಂದ ಭಾಷೆಗಳನ್ನು ಹೋಲಿಸುವುದು ಕಷ್ಟ. "ಮನೆಯಲ್ಲಿದ್ದವರಿಗೆ" ಎಂಬುದು ಕನ್ನಡದಲ್ಲಿ ಒಂದೇ ಪದ. ಇಂಗ್ಲಿಷಿನಲ್ಲಿ ಇದನ್ನು ಹೇಳಲು ಹಲವು ಪದಗಳು ಬೇಕು. ಎನ್‌ಸಿಇಆರ್‌ಟಿಯ 2022ರ ಬುನಾದಿ ಕಲಿಕಾ ಅಧ್ಯಯನದಲ್ಲಿ 20 ಭಾಷೆಗಳಿಗೆ ಪ್ರತ್ಯೇಕ ಮಾನದಂಡಗಳನ್ನು ರೂಪಿಸಲಾಯಿತು.

ಪದಸಂಪತ್ತು ಮತ್ತು ಪರಿಸರ

ಅರ್ಥಗ್ರಹಿಕೆಯು ಮಗುವಿನ ಪೂರ್ವಜ್ಞಾನವನ್ನೂ ಅವಲಂಬಿಸಿದೆ. ಅಮೆರಿಕದಲ್ಲಿ ರೆಕ್ಟ್ ಮತ್ತು ಲೆಸ್ಲಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಸ್‌ಬಾಲ್ ಆಟವನ್ನು ಚೆನ್ನಾಗಿ ಬಲ್ಲ ದುರ್ಬಲ ಓದುಗರು, ಆಟವನ್ನು ಅರಿಯದ ಉತ್ತಮ ಓದುಗರಿಗಿಂತ ಆ ಆಟದ ಕುರಿತ ಪಠ್ಯವನ್ನು ಹೆಚ್ಚು ಗ್ರಹಿಸಿದ್ದರು. ಉದಾಹರಣೆಗೆ, ತುಮಕೂರು ಜಿಲ್ಲೆಯ ಬೋರನಕಣಿವೆ, ತಿಪಟೂರು, ತುರುವೇಕೆರೆಗಳ ತೆಂಗಿನ ಸೀಮೆಯಲ್ಲಿ ಬೆಳೆದ ಮಗುವಿಗೆ ಹೊಂಬಾಳೆ, ಗರಿ, ಕೊಬ್ಬರಿ ಮೊದಲಾದ ಪದಗಳು ಪರಿಚಿತ. ಅವುಗಳಿರುವ ಪಾಠವನ್ನು ತಡವರಿಸಿ ಓದಿದರೂ ಅದು ಅರ್ಥ ಹಿಡಿಯಬಹುದು. ಸಮುದ್ರದ ಉಬ್ಬರವಿಳಿತದ ಪಾಠವನ್ನು ಅದೇ ಮಗು ಸರಾಗವಾಗಿ ಓದಿಯೂ ಗ್ರಹಿಸದಿರಬಹುದು.

ಬೋಧನೆಯಲ್ಲಿ ಮಹತ್ವ

ತಡವರಿಸಿ ಓದುವ ಮಗುವಿಗೂ ಅರ್ಥವಾಗದೆ ಓದುವ ಮಗುವಿಗೂ ಬೇಕಾದ ನೆರವು ಬೇರೆ ಬೇರೆ. ಮೊದಲನೆಯದಕ್ಕೆ ಕಾಗುಣಿತ, ಒತ್ತಕ್ಷರಗಳ ಅಭ್ಯಾಸ ಮತ್ತು ಪುನರ್ವಾಚನ ಸಹಕಾರಿ. ಎರಡನೆಯದಕ್ಕೆ ಕಥೆ ಕೇಳುವಿಕೆ, ಸಂಭಾಷಣೆ ಮತ್ತು ಹೊಸ ಪದಗಳ ಪರಿಚಯ ಅಗತ್ಯ. ಪಾಠವನ್ನೇ ಓದಿ ಹೇಳಿದಾಗ ಮಗುವಿಗೆ ಅರ್ಥವಾದರೆ ತೊಡಕು ಲಿಪಿಯಲ್ಲಿದೆ ಎಂದೂ, ಆಗಲೂ ಅರ್ಥವಾಗದಿದ್ದರೆ ಭಾಷೆ ಅಥವಾ ವಿಷಯದ ಪರಿಚಯ ಸಾಲದೆಂದೂ ಊಹಿಸಬಹುದು.