ಹೇಮಾವತಿಯ ನೀರಿನಲ್ಲಿ ನಿಂತ ದೇವಾಲಯ: ರಾಷ್ಟ್ರ ಮತ್ತು ಕ್ರೈಸ್ತ ಅಸ್ಮಿತೆ

ಹಾಸನದಿಂದ ಸುಮಾರು 20 ಕಿ.ಮೀ. ದೂರದ ಶೆಟ್ಟಿಹಳ್ಳಿಯಲ್ಲಿ, ಮಳೆಗಾಲ ಬಲಿತೊಡನೆ ಗೊರೂರು ಜಲಾಶಯದ ನೀರು ಜಪಮಾಲೆ ಮಾತೆಯ ದೇವಾಲಯದ ಗೋಡೆಗಳನ್ನು ಸುತ್ತುವರಿಯುತ್ತದೆ. ಛಾಯಾಚಿತ್ರಕ್ಕಾಗಿ ಬರುವವರು ಅದನ್ನು 'ಫ್ರೆಂಚರ ಮುಳುಗು ಚರ್ಚ್' ಎನ್ನುತ್ತಾರೆ. ಈ ಹೆಸರಿನಲ್ಲಿ ಕಟ್ಟಿಸಿದವರಿದ್ದಾರೆ, ನೀರಿದೆ. ಅಲ್ಲಿ ಮೊಣಕಾಲೂರಿದ ಜನರಿಲ್ಲ.

ದೇವಾಲಯವನ್ನು ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದರು. ಆಗ ಮೈಸೂರು ಸೀಮೆಯ ಸಿಂಹಾಸನ ಒಡೆಯರದು, ಆಡಳಿತ ಬ್ರಿಟಿಷ್ ಕಮಿಷನರರದು. 1831ರಿಂದ 1881ರವರೆಗೂ ಹೀಗೆಯೇ ನಡೆಯಿತು. ಫ್ರೆಂಚ್ ಪಾದ್ರಿ ಇಲ್ಲಿ ಆಳುವ ಜನಾಂಗದವನಲ್ಲ. ಧರ್ಮಪ್ರಚಾರಕನೆಂದರೆ ವಸಾಹತು ಪ್ರಭುತ್ವದ ನೆರಳು ಎಂಬ ಸಮೀಕರಣ ಹಾಸನದಲ್ಲಿ ಸಲೀಸಾಗಿ ಹೊಂದುವುದಿಲ್ಲ. ಹಾಗೆಂದು ಅವನು ಆ ಪ್ರಭುತ್ವಕ್ಕೆ ಪೂರ್ಣವಾಗಿ ಹೊರಗಿನವನೂ ಅಲ್ಲ. ಅದಕ್ಕೂ ಮೊದಲು ಮೈಸೂರು ಸೀಮೆಯಲ್ಲಿ ದುಡಿದ ಅಬ್ಬೆ ದುಬಾಯ್ ಹಿಂದೂ ಆಚಾರಗಳ ಕುರಿತು ಸಿದ್ಧಪಡಿಸಿದ ಹಸ್ತಪ್ರತಿಯನ್ನು ಕೊಂಡುಕೊಂಡದ್ದು ಈಸ್ಟ್ ಇಂಡಿಯಾ ಕಂಪನಿಯೇ. ಅದರ ಇಂಗ್ಲಿಷ್ ಅನುವಾದ 1816ರಲ್ಲಿ ಪ್ರಕಟವಾಯಿತು. ಅದೇ ದುಬಾಯ್ 1823ರಲ್ಲಿ, ಹಿಂದೂಗಳು ಕ್ರೈಸ್ತರಾಗುವುದು ಆಗದ ಮಾತು ಎಂದು ವಾದಿಸಿದರು. ಭಾರತೀಯನು ನಿಜವಾದ ಕ್ರೈಸ್ತನಾಗಲಾರನೆಂದು ಮಿಷನರಿಯೊಬ್ಬರು ಅಂದು ಹೇಳಿದರೆ, ಕ್ರೈಸ್ತನು ನಿಜವಾದ ಭಾರತೀಯನಾಗಲಾರನೆಂದು ಮುಂದೆ ಒಂದು ಬಗೆಯ ರಾಷ್ಟ್ರವಾದ ಹೇಳಿತು. ಇವೆರಡೂ ಒಂದೇ ನಾಣ್ಯದ ಮುಖಗಳೆಂದೇ ನನ್ನ ಗ್ರಹಿಕೆ.

ಇದರ ತಾತ್ವಿಕ ಬೇರನ್ನು ಪಾರ್ಥ ಚಟರ್ಜಿಯವರು 1993ರ ತಮ್ಮ ಗ್ರಂಥದಲ್ಲಿ ಗುರುತಿಸಿದ್ದಾರೆ. ವಸಾಹತು ವಿರೋಧಿ ರಾಷ್ಟ್ರವಾದವು ಲೋಕವನ್ನು ಎರಡಾಗಿ ವಿಂಗಡಿಸಿತು: ವಿಜ್ಞಾನ, ಆರ್ಥಿಕತೆ, ರಾಜ್ಯಾಡಳಿತಗಳ ಹೊರವಲಯ, ಭಾಷೆ, ಕುಟುಂಬ, ಅಧ್ಯಾತ್ಮಗಳ ಒಳವಲಯ. ಹೊರವಲಯದಲ್ಲಿ ಪಶ್ಚಿಮದಿಂದ ಕಲಿಯಬೇಕು. ಒಳವಲಯದಲ್ಲಿ ಅದಕ್ಕೆ ಪ್ರವೇಶವಿಲ್ಲ. ಹಾಗಾದರೆ, ಅಧ್ಯಾತ್ಮವೇ 'ಹೊರಗಿನದು' ಎನಿಸಿಕೊಂಡ ರೈತನು ಎಲ್ಲಿ ನಿಲ್ಲಬೇಕು?

ಶೆಟ್ಟಿಹಳ್ಳಿಯವರಿಗೆ ಈ ಪ್ರಶ್ನೆ ನೀರಿನ ರೂಪದಲ್ಲಿ ಬಂತು. ಅಣೆಕಟ್ಟುಗಳನ್ನು ಹೊಸ ಕಾಲದ ದೇವಸ್ಥಾನಗಳಿಗೆ ನೆಹರೂ ಹೋಲಿಸಿದ್ದು 1954ರಲ್ಲಿ, ನಂಗಲ್‌ನಲ್ಲಿ. ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಾಗ ಆ ಹೋಲಿಕೆ ಅಕ್ಷರಶಃ ನಿಜವಾಯಿತು: ಹೊಸ ದೇವಸ್ಥಾನಕ್ಕೆ ಹಳೆಯ ದೇವಾಲಯವು ಎಡೆ ಬಿಟ್ಟುಕೊಟ್ಟಿತು.

ಇಲ್ಲಿ ನಾಬೋತನ ದ್ರಾಕ್ಷಿತೋಟವನ್ನು ನೆನೆಯಲು ಬೋಧಕನ ಮನಸ್ಸು ಹಾತೊರೆಯುತ್ತದೆ. ನಾನೂ ಒಮ್ಮೆ ಹಾಗೆ ಬೋಧಿಸಿದ್ದುಂಟು. ಈಗ ಅದು ತಪ್ಪೆನಿಸುತ್ತದೆ. ಅಹಾಬನು ಬಯಸಿದ್ದು ತನ್ನ ಅರಮನೆಯ ಪಕ್ಕದ ಕಾಯಿಪಲ್ಯದ ತೋಟವನ್ನು. ಹೇಮಾವತಿಯ ನೀರಾದರೋ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಹೊಲಗದ್ದೆಗಳಿಗೆ, ಅಲ್ಲಿಂದಾಚೆ ತುಮಕೂರಿನತ್ತ ಹರಿಯಿತು. ಆ ನೀರು ಕುಡಿದ ಪೈರಿನ ಅನ್ನವನ್ನು ನಾವೂ ಉಂಡಿದ್ದೇವೆ. ನೆಲ ಕಳೆದುಕೊಂಡವರೂ ಕ್ರೈಸ್ತರು ಮಾತ್ರವಲ್ಲ. ಆದ್ದರಿಂದ ಇದನ್ನು ಹಿಂಸೆಗೊಳಗಾದ ಸಭೆಯ ಕಥೆಯಾಗಿ ಹೇಳುವಂತಿಲ್ಲ.

ಆದರೆ ಒಂದು ವ್ಯತ್ಯಾಸ ಉಳಿಯುತ್ತದೆ. ರಾಷ್ಟ್ರದ ಹೊರವಲಯಕ್ಕೆ ಈ ಜನರು ಮನೆ, ಹೊಲ, ಬಲಿಪೀಠಗಳನ್ನು ಒಪ್ಪಿಸಿದರು. ಒಳವಲಯದಲ್ಲಿ ಅವರಿಗೆ ದೊರೆತ ಸ್ಥಾನ ಇಂದಿಗೂ ಆ 'ಫ್ರೆಂಚರ ಚರ್ಚ್' ಎಂಬ ಹೆಸರಿನಲ್ಲಿದೆ. ತ್ಯಾಗಕ್ಕೆ ಭಾರತೀಯರು, ಸ್ಮರಣೆಗೆ ಪರಕೀಯರು.

ನಮ್ಮ ಸಭಾಚರಿತ್ರೆಗಳೂ ಈ ವಿಷಯದಲ್ಲಿ ನಿರ್ದೋಷಿಗಳಲ್ಲ. ಕಟ್ಟಿಸಿದ ಗುರುಗಳ ಹೆಸರನ್ನು ನಾವು ಜತನದಿಂದ ಕಾಪಾಡಿದೆವು. ಕಲ್ಲು ಹೊತ್ತವರನ್ನು ವಿಚಾರಿಸಲಿಲ್ಲ. ಊರು ಬಿಟ್ಟಾಗ ಹರೆಯದಲ್ಲಿದ್ದವರು ಈಗ ಮುಪ್ಪಿನಲ್ಲಿದ್ದಾರೆ. ಸೆಮಿನರಿಯ ವಿದ್ಯಾರ್ಥಿಗಳು ಅವರ ಬಳಿಗೆ ಹೋಗಿ, ಕಡೆಯ ಪೂಜೆಯ ನಂತರ ಬಾಗಿಲು ದಾಟುವಾಗ ಅವರು ತಮ್ಮನ್ನು ಯಾರೆಂದು ಎಣಿಸಿಕೊಂಡರು ಎಂಬುದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಲು ಇನ್ನೂ ಕೆಲವು ವರ್ಷಗಳ ಅವಕಾಶವಿದೆ.