ಪೇಟದ ಚಿತ್ರಪಟ

ರಾಜ್ಯೋತ್ಸವದ ವೇದಿಕೆಯ ಮೇಲೆ ಭುವನೇಶ್ವರಿಯ ಪಕ್ಕದಲ್ಲಿ ಇನ್ನೊಂದು ಚಿತ್ರಪಟವನ್ನು ಇರಿಸುವುದುಂಟು: ಬಣ್ಣದ ಜರಿಪೇಟ ಧರಿಸಿದ, ಶಾಂತಮುದ್ರೆಯ ಪುರುಷರೊಬ್ಬರ ಭಾವಚಿತ್ರ. ದೆಹಲಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಇವರಾರೆಂದು ಕೇಳಿದರೆ, ಮೈಸೂರಿನ ಮಹಾರಾಜರೆಂದು ಹೇಳಿ ಮುಗಿಸಿಬಿಡುತ್ತೇವೆ. ಮುಖರ್ಜಿ ನಗರದಲ್ಲಿ ಬೀಡುಬಿಟ್ಟಿರುವ ನಾವು ಹಾಗೆ ಮುಗಿಸುವುದು ತರವಲ್ಲ; ನಾಲ್ವಡಿ ಕೃಷ್ಣರಾಜ ಒಡೆಯರು ನಮ್ಮ ಮನೆಗಳಿಗೆ ಅನತಿದೂರದ ಬಯಲಿಗೆ ಒಮ್ಮೆ ಬಂದಿದ್ದವರು.

ಆ ಬಯಲೇ ಇಂದಿನ ಕಾರೊನೇಷನ್ ಪಾರ್ಕು. 1911ರ ಡಿಸೆಂಬರ್ 12ರಂದು ಐದನೆಯ ಜಾರ್ಜ್ ದೊರೆಯ ದರ್ಬಾರು ನಡೆದುದು ಅಲ್ಲಿ. ಆಗ 21 ತೋಪುಗಳ ಮರ್ಯಾದೆಯಿದ್ದ ಸಂಸ್ಥಾನಗಳು ಮೂರೇ: ಹೈದರಾಬಾದು, ಬರೋಡೆ, ಮೈಸೂರು. ನಮ್ಮ ಅರಸರಿಗೆ ಆಗ 27ರ ಪ್ರಾಯ. ರಾಜಧಾನಿಯು ಕಲ್ಕತ್ತೆಯಿಂದ ದೆಹಲಿಗೆ ಬರುವುದೆಂದು ಸಾರಿದ್ದೂ ಆ ದಿನವೇ. ನಾವು ಹೊಟ್ಟೆಪಾಡಿಗೆ ಇಷ್ಟು ದೂರ ಬಂದುದಕ್ಕೆ ಮೂಲ ಆ ಘೋಷಣೆಯೇ ಎಂದರೂ ತಪ್ಪಲ್ಲ! ಅದೇ ವರ್ಷ ಕನ್ನಂಬಾಡಿಯ ಕಟ್ಟೆಯ ಕೆಲಸ ಮೊದಲಾಯಿತು. 1915ರಲ್ಲಿ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ. ಅಂದು ಕಪ್ಪಕಾಣಿಕೆ ಕೊಂಡ ದೊರೆಯ ಪ್ರತಿಮೆ ಇಂಡಿಯಾ ಗೇಟಿನ ಮಂಟಪದಿಂದ ಕೆಳಗಿಳಿದು, ಈಗ ಅದೇ ಪಾರ್ಕಿನಲ್ಲಿ ನಿಂತಿದೆ.

ಇನ್ನು ಚಿತ್ರದ ಮಾತು. ಮೈಸೂರಿನ ಕಲಾವಿದ ಕೆ. ಕೇಶವಯ್ಯನವರು 1906ರಲ್ಲಿ ತರುಣ ನಾಲ್ವಡಿಯವರ ತೈಲಚಿತ್ರವೊಂದನ್ನು ಬರೆದರು. ಅದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯವನ್ನು ಸೇರಿದೆ. ನಮ್ಮ ವೇದಿಕೆಗಳಲ್ಲಿರುವುವು ಅಂಥ ಅರಮನೆಯ ಚಿತ್ರಗಳ ಮೊಮ್ಮಕ್ಕಳೆನ್ನಬೇಕು. ಪೇಟವೆಂದರೆ ಕಿರೀಟವಲ್ಲ, ಬಟ್ಟೆ. ಜರಿಯಂಚಿನ ಉದ್ದನೆಯ ವಸ್ತ್ರವನ್ನು ಕೈಯಿಂದ ಮಡಿಸಿ ಸುತ್ತುತ್ತಿದ್ದರು. ಅರಸರು ಸುತ್ತಿದರು, ದಿವಾನ್ ವಿಶ್ವೇಶ್ವರಯ್ಯನವರು ಸುತ್ತಿದರು, ಶಾಲೆಯ ಮೇಷ್ಟರೂ ಸುತ್ತಿದರು. ಈಗ ಹೊಲಿದು ಸಿದ್ಧಪಡಿಸಿದ್ದನ್ನು ಅತಿಥಿಗಳ ತಲೆಗೆ ಇಡುತ್ತೇವೆ. ಅಳತೆ ತಪ್ಪಿ ಅದು ಹುಬ್ಬಿನ ಮೇಲೆ ಜಾರಿದಾಗ ನಗುವುದೂ ಉಂಟು.

ಒಂದು ಆಕ್ಷೇಪವನ್ನು ಮುಚ್ಚಿಡಲಾರೆ. ಧಾರವಾಡದ ಕಡೆಯವರು ಕೇಳುತ್ತಾರೆ: "ನಮ್ಮ ರುಮಾಲು ಎಲ್ಲಿ ಹೋತ್ರೀ?" ನ್ಯಾಯವಾದ ಪ್ರಶ್ನೆ. 1956ರ ನವೆಂಬರ್ 1ರಂದು ಒಂದಾದ ನಾಡು ಕರ್ನಾಟಕವೆಂಬ ಹೆಸರು ಪಡೆದುದು 1973ರಲ್ಲಿ. ಅಲ್ಲಿಯವರೆಗೆ ಅದು ಮೈಸೂರೇ ಆಗಿತ್ತು. ಹೆಸರು ಬದಲಾದರೂ ಪೇಟ ಮಾತ್ರ ಮೈಸೂರಿನದೇ ಉಳಿಯಿತು. ಯಾರ ಮನೆಯ ಗೋಡೆಯ ಮೇಲಾದರೂ ರುಮಾಲಿನ ಅಜ್ಜನ, ಕೊಡಗಿನ ಮಂಡೆತುಣಿಯ ಹಿರಿಯರ ಹಳೆಯ ಪಟಗಳಿದ್ದರೆ ಬರುವ ವರ್ಷ ದಯವಿಟ್ಟು ತನ್ನಿರಿ. ಮಹಾರಾಜರ ಪಕ್ಕದಲ್ಲೇ ಇರಿಸೋಣ.