ಆಚೆ ದಡದ ನೆರೆಹೊರೆ

2011ರ ಫೆಬ್ರುವರಿ 28ರಂದು ಐರೋಪ್ಯ ಒಕ್ಕೂಟದ ಕಮಿಷನರ್ ಸ್ಟೆಫಾನ್ ಫ್ಯೂಲೆ ಐರೋಪ್ಯ ಸಂಸತ್ತಿನ ವಿದೇಶಾಂಗ ಸಮಿತಿಯೆದುರು ಅಪರೂಪದ ತಪ್ಪೊಪ್ಪಿಗೆಯೊಂದನ್ನು ಮಾಡಿದರು. ಮೆಡಿಟರೇನಿಯನ್ ಸಮುದ್ರದ ದಕ್ಷಿಣ ದಡದ ಜನರ ಹಕ್ಕುಗಳಿಗಾಗಿ ಯೂರೋಪು ಸಾಕಷ್ಟು ದನಿಯೆತ್ತಲಿಲ್ಲ. ಸರ್ವಾಧಿಕಾರಿಗಳೇ ಸ್ಥಿರತೆಗೆ ಭರವಸೆ ಎಂಬ ಭ್ರಮೆಗೆ ಹಲವರು ಒಳಗಾದರು ಎಂಬುದು ಅವರ ಮಾತಿನ ಸಾರ.

ಈ ಮಾತು ಹೊರಡಲು ಕಾರಣ ಟ್ಯುನೀಸಿಯಾದ ಸಿದಿ ಬೌಝಿದ್ ಎಂಬ ಊರು. ಅಲ್ಲಿ ತಳ್ಳುಗಾಡಿಯಲ್ಲಿ ಹಣ್ಣು, ತರಕಾರಿ ಮಾರುತ್ತಿದ್ದ ಮೊಹಮದ್ ಬೌಅಝೀಝಿ ಅಧಿಕಾರಿಗಳ ಕಿರುಕುಳದಿಂದ ಬೇಸತ್ತು 2010ರ ಡಿಸೆಂಬರ್ 17ರಂದು ಮೈಗೆ ಬೆಂಕಿ ಹಚ್ಚಿಕೊಂಡರು. ತಿಂಗಳೊಳಗೆ ಅಧ್ಯಕ್ಷ ಬೆನ್ ಅಲಿ ದೇಶ ಬಿಟ್ಟು ಓಡಿದರು. ಫೆಬ್ರುವರಿ 11ರಂದು ಈಜಿಪ್ಟಿನ ಹೋಸ್ನಿ ಮುಬಾರಕ್ ಕೂಡ ಅಧಿಕಾರ ಬಿಟ್ಟಿಳಿದರು.

ಈ ಇಬ್ಬರೂ ಯೂರೋಪಿಗೆ ಬೇಕಾದವರೇ. 1995ರ ಬಾರ್ಸಿಲೋನಾ ಘೋಷಣೆಯಲ್ಲೂ 2004ರ ನೆರೆಹೊರೆ ನೀತಿಯಲ್ಲೂ ಪ್ರಜಾಪ್ರಭುತ್ವದ ಮಾತು ಧಾರಾಳವಾಗಿತ್ತು. ಆದರೆ 2008ರಲ್ಲಿ ಪ್ಯಾರಿಸ್ಸಿನಲ್ಲಿ ಮೆಡಿಟರೇನಿಯನ್ ಒಕ್ಕೂಟ ಹುಟ್ಟಿದಾಗ ಅದರ ಜಂಟಿ ಅಧ್ಯಕ್ಷರಾಗಿ ಕುಳಿತವರು ಮುಬಾರಕ್! ಟ್ಯುನೀಸಿಯಾದ ಬೀದಿಗಳಲ್ಲಿ ಗುಂಡು ಹಾರುತ್ತಿದ್ದಾಗ ಫ್ರಾನ್ಸಿನ ವಿದೇಶಾಂಗ ಸಚಿವೆ ಮಿಷೆಲ್ ಆಲಿಯೊ-ಮರೀ ಅಲ್ಲಿನ ಪೊಲೀಸರಿಗೆ ತಮ್ಮ ದೇಶದ ಪರಿಣತಿ ಒದಗಿಸುವ ಮಾತನಾಡಿದ್ದರು. ಫ್ಯೂಲೆ ಭಾಷಣಕ್ಕೆ ಒಂದು ದಿನ ಮೊದಲು ಅವರು ರಾಜೀನಾಮೆ ಕೊಡಬೇಕಾಯಿತು.

ಹೊಸ ನೀತಿ 2011ರ ಮಾರ್ಚ್ ಮತ್ತು ಮೇ ತಿಂಗಳಲ್ಲಿ ಹೊರಬಿತ್ತು. ಹೆಚ್ಚು ಸುಧಾರಣೆ ಮಾಡಿದವರಿಗೆ ಹೆಚ್ಚು ನೆರವು ಎಂಬುದು ಅದರ ಸೂತ್ರ. ಕೊಡುಗೆಗಳು ಮೂರು: ಹಣ, ಮಾರುಕಟ್ಟೆ, ಸಂಚಾರದ ಅವಕಾಶ.

ಹಣ ಬಂತು, ಆದರೆ ಬಿಗಿಮುಷ್ಟಿಯಲ್ಲಿ. ಈ ಸೂತ್ರಕ್ಕೆಂದೇ ಮೊದಲು ತೆಗೆದಿರಿಸಿದ್ದು 35 ಕೋಟಿ ಯೂರೋ, ಅದೂ ಹಲವು ದೇಶಗಳಿಗೆ ಸೇರಿ. 2013ರ ಜುಲೈನಲ್ಲಿ ಈಜಿಪ್ಟಿನ ಸೇನೆ ಚುನಾಯಿತ ಅಧ್ಯಕ್ಷ ಮೊಹಮದ್ ಮುರ್ಸಿಯವರನ್ನು ಕೆಳಗಿಳಿಸಿದಾಗ ಸೌದಿ ಅರೇಬಿಯಾ, ಕುವೈತ್ ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್ ಕೆಲವೇ ದಿನಗಳಲ್ಲಿ 1,200 ಕೋಟಿ ಡಾಲರ್ ಘೋಷಿಸಿದವು. ಷರತ್ತಿಲ್ಲದೆ ಅಷ್ಟು ಸಿಗುವಾಗ ಯೂರೋಪಿನ ಷರತ್ತಿಗೆ ಯಾರು ಕಿವಿಗೊಡುತ್ತಾರೆ?

ಮಾರುಕಟ್ಟೆಯ ಕಥೆಗೆ ಆಲಿವ್ ಎಣ್ಣೆಯೊಂದೇ ಸಾಕು. ಟ್ಯುನೀಸಿಯಾಕ್ಕೆ ಅದು ಮುಖ್ಯ ರಫ್ತು. ಸುಂಕವಿಲ್ಲದೆ ಯೂರೋಪಿಗೆ ಕಳಿಸಬಹುದಾಗಿದ್ದುದು ವರ್ಷಕ್ಕೆ 56,700 ಟನ್. 2015ರಲ್ಲಿ ಭಯೋತ್ಪಾದಕರು ಅಲ್ಲಿನ ವಸ್ತುಸಂಗ್ರಹಾಲಯ ಮತ್ತು ಕಡಲತೀರದಲ್ಲಿ ಪ್ರವಾಸಿಗಳನ್ನು ಕೊಂದು ಆದಾಯವೇ ಬತ್ತಿದ ಮೇಲೆ ಎರಡು ವರ್ಷಗಳ ಮಟ್ಟಿಗೆ 35,000 ಟನ್ ಹೆಚ್ಚಿಸಲಾಯಿತು. ಅಷ್ಟಕ್ಕೇ ಇಟಲಿಯ ಬೆಳೆಗಾರರು ಬೊಬ್ಬೆ ಹಾಕಿದರು.

ಸಂಚಾರದ ವಿಷಯವಂತೂ ಮೊದಲ ವಸಂತದಲ್ಲೇ ಬಯಲಾಗಿತ್ತು. 2011ರ ಆರಂಭದ ತಿಂಗಳುಗಳಲ್ಲಿ 20,000ಕ್ಕೂ ಹೆಚ್ಚು ಟ್ಯುನೀಸಿಯನ್ನರು ದೋಣಿಗಳಲ್ಲಿ ಇಟಲಿಯ ಲಂಪೆಡೂಸಾ ದ್ವೀಪ ಸೇರಿದರು. ಇಟಲಿ ಅವರಿಗೆ ತಾತ್ಕಾಲಿಕ ಪರವಾನಗಿ ಕೊಟ್ಟು ಕೈತೊಳೆದುಕೊಂಡಿತು. ಫ್ರಾನ್ಸ್ ಏಪ್ರಿಲ್‌ನಲ್ಲಿ ಗಡಿಯೂರು ವೆಂಟಿಮಿಲಿಯಾದಿಂದ ಬರುವ ರೈಲುಗಳನ್ನೇ ತಡೆಯಿತು. ಒಳಗಡಿಗಳನ್ನು ಅಳಿಸಿದ ಹೆಮ್ಮೆಯ ಯೂರೋಪಿನಲ್ಲಿ ಇದು ನಡೆಯಿತು.

ಟ್ಯುನೀಸಿಯಾಕ್ಕೆ ಈ ನೆರವಿನಿಂದ ಏನೂ ಆಗಲಿಲ್ಲವೆನ್ನುವುದು ಸರಿಯಲ್ಲ. 2014ರಲ್ಲಿ ಹೊಸ ಸಂವಿಧಾನ ಬಂತು, ಚುನಾವಣೆಗಳು ನಡೆದವು. ಆದರೆ 2015ರಲ್ಲಿ ನಿರಾಶ್ರಿತರ ಮಹಾಪೂರ ಬಂದ ಮೇಲೆ ನೆರೆಹೊರೆ ನೀತಿಯನ್ನು ತಿದ್ದಿ ಬರೆದಾಗ ಮೊದಲ ಆದ್ಯತೆಯ ಸ್ಥಾನಕ್ಕೆ ಬಂದು ಕುಳಿತದ್ದು ಸ್ಥಿರತೆಯೆಂಬ ಹಳೆಯ ಪದವೇ.

ಟ್ಯುನೀಸಿಯಾದ ಅಧ್ಯಕ್ಷ ಕೈಸ್ ಸಯೀದ್ 2021ರಲ್ಲಿ ಸಂಸತ್ತನ್ನು ಅಮಾನತಿನಲ್ಲಿಟ್ಟರು. 2023ರ ಜುಲೈನಲ್ಲಿ ಐರೋಪ್ಯ ಆಯೋಗದ ಅಧ್ಯಕ್ಷೆಯೂ ಇಟಲಿ, ನೆದರ್ಲೆಂಡ್ಸ್ ಪ್ರಧಾನಿಗಳೂ ಅವರ ಪಕ್ಕದಲ್ಲಿ ನಿಂತು ಒಪ್ಪಂದ ಪ್ರಕಟಿಸಿದರು; ವಲಸೆ ತಡೆಗೆ ಮತ್ತು ಸಂಬಂಧಿತ ಕೆಲಸಗಳಿಗೆ 10.5 ಕೋಟಿ ಯೂರೋ. 2024ರ ಮಾರ್ಚ್‌ನಲ್ಲಿ ಕೈರೋದಲ್ಲಿ ಈಜಿಪ್ಟಿಗೆ 740 ಕೋಟಿ ಯೂರೋ ಘೋಷಣೆಯಾಯಿತು. ಅದನ್ನು ಬರಮಾಡಿಕೊಂಡವರು 2013ರಲ್ಲಿ ಮುರ್ಸಿಯವರನ್ನು ಇಳಿಸಿದ ಸೇನಾಧಿಪತಿ, ಈಗಿನ ಅಧ್ಯಕ್ಷ ಅಬ್ದೆಲ್ ಫತಾಹ್ ಅಲ್-ಸಿಸಿ.